ಎಕ್ಸ್‌ಪಿ ನೋಡಿ ತಾ

ಜಯಲತಾ ಇಂಗ್ಲಿಷ್ ಅಕ್ಷರ ಕಲಿತದ್ದು ಔಷಧಿಯ ಡಬ್ಬಿ, ಪೊಟ್ಟಣಗಳಿಂದ. ಮದುವೆಯಾಗಿ ಕಾರ್ಕಳದ ಕಡೆಯಿಂದ ಮುಂಬಯಿ ಪಕ್ಕದ ಠಾಣೆಗೆ ಬಂದ ಹೊಸತರಲ್ಲಿ ಅಂಗಡಿಯವನೊಬ್ಬ ದಿನ ಮೀರಿದ ಹಾಲಿನ ಪುಡಿ ಕೊಟ್ಟು, ಕೂಸಾಗಿದ್ದ ಸುಜನ್ ವಾರವಿಡೀ ವಾಂತಿ ಮಾಡಿಕೊಂಡಿದ್ದ. ಆಮೇಲೆ ಡಬ್ಬಿಯಿರಲಿ, ಪೊಟ್ಟಣವಿರಲಿ, ಮಾತ್ರೆಯಿರಲಿ, ತಿರುಗಿಸಿ ಇ, ಎಕ್ಸ್, ಪಿ ಎಂಬ ಮೂರು ಅಕ್ಷರ ಹುಡುಕಿ, ಪಕ್ಕದ ತಾರೀಕು ಓದದೆ ಅವಳು ಏನನ್ನೂ ಮನೆಯೊಳಗೆ ಬಿಡಲಿಲ್ಲ. ಆ ಅಕ್ಷರಗಳು ಬಾಯಲ್ಲಿ ಸವೆದು ‘ಎಕ್ಸ್‌ಪಿ’ ಆದವು. ‘ಬ್ರೆಡ್ ತರುವಾಗ ಎಕ್ಸ್‌ಪಿ ನೋಡಿ ತಾ’, ‘ಕೆಮ್ಮಿನ ಔಷಧಿ ಎಕ್ಸ್‌ಪಿ ಆಗಿದೆ, ಬಿಸಾಡು’ ಎಂದು ಮನೆಯವರೆಲ್ಲ ಅದೇ ಮಾತಿಗೆ ಹೊಂದಿಕೊಂಡರು. ತಿದ್ದುವವರು ಯಾರೂ ಇರಲಿಲ್ಲ. ಗಂಡ ಮುಂಡಪ್ಪ ನೌಪಾಡಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವನು. ಮನೆಗೆ ಬಂದ ಮೇಲೆ ಅವನಿಗೆ ಬೇಕಾದದ್ದು ಊಟ, ಶಬ್ದಾರ್ಥವಲ್ಲ.

ಎರಡು ಸಾವಿರದ ಐದರಲ್ಲಿ ಸುಜನ್ ಕಂಪ್ಯೂಟರ್ ಸಪೋರ್ಟಿನ ಪರೀಕ್ಷೆ ಪಾಸು ಮಾಡಿದ. ಆ ಕಾಲಕ್ಕೆ ಆಫೀಸುಗಳ ಕಂಪ್ಯೂಟರುಗಳು ಹೆಚ್ಚಾಗಿ ವಿಂಡೋಸ್ ಎಕ್ಸ್‌ಪಿಯಲ್ಲಿ ನಡೆಯುತ್ತಿದ್ದವು. ಸರ್ಟಿಫಿಕೇಟಿನ ಮೇಲೂ ಆ ಹೆಸರೇ ಇತ್ತು. ಮುಂಡಪ್ಪ ಅದಕ್ಕೆ ಚಂದದ ಫ್ರೇಮು ಹಾಕಿಸಿ ತಂದ. ಹಾಲ್‌ನ ಗೋಡೆಗೆ ಏರಿಸುವ ಮೊದಲು ಜಯಲತಾ ಅದನ್ನು ಕೈಗೆ ತೆಗೆದುಕೊಂಡು, ಮೇಲಿಂದ ಕೆಳಗೆ ನೋಡಿ, ರೂಢಿಯಂತೆ ಹಿಂದಕ್ಕೂ ತಿರುಗಿಸಿದಳು.

“ಎಕ್ಸ್‌ಪಿ ಅಂತ ಬರ್ದಿದ್ದಾರೆ. ತಾರೀಕು ಎಲ್ಲಿ?”

ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮಾತು ಮದುವೆ, ಸೀಮಂತ, ಸಂಘದ ವಾರ್ಷಿಕೋತ್ಸವ ಎಲ್ಲ ಕಡೆ ತಿರುಗಾಡಿ ಬಂತು. ಜಯಲತಾ ಬೇಸರ ಮಾಡಿಕೊಳ್ಳಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ದಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮುಂಡಪ್ಪನ ಸ್ಕೂಟರ್ ಆದ ಮೇಲೆ ಆ ಫ್ರೇಮಿನ ಗಾಜಿಗೂ ಒಂದು ಬೊಟ್ಟು ಕುಂಕುಮ ಇಡುತ್ತಿದ್ದಳು.

ಒಂಬತ್ತು ವರ್ಷ ಕಳೆದು, ಎರಡು ಸಾವಿರದ ಹದಿನಾಲ್ಕರ ಜನವರಿಯ ಒಂದು ರಾತ್ರಿ ಊಟಕ್ಕೆ ಕೂತಾಗ ಸುಜನ್ ಸುದ್ದಿ ಹೇಳಿದ. ಮನೆಮಾತು ತುಳು, ಮಕ್ಕಳ ಉತ್ತರ ಅರ್ಧ ಹಿಂದಿ. ಓದುವವರಿಗೆ ತೊಂದರೆ ಬೇಡವೆಂದು ಇಲ್ಲಿ ಹೆಚ್ಚಿನದನ್ನು ಕನ್ನಡದಲ್ಲೇ ಬರೆದಿದೆ.

“ನನ್ನನ್ನು ಟೀಮ್ ಲೀಡರ್ ಮಾಡ್ತಾರೆ ಅಪ್ಪಾ.”

ಅವನು ಕೆಲಸ ಮಾಡುತ್ತಿದ್ದದ್ದು ಬೇಲಾಪುರದ ಒಂದು ವಿಮೆ ಆಫೀಸಿನಲ್ಲಿ. ಆದರೆ ಸಂಬಳ ಕೊಡುತ್ತಿದ್ದದ್ದು ಅಂಥ ಆಫೀಸುಗಳಿಗೆ ಆಳು ಒದಗಿಸುವ ಗುತ್ತಿಗೆಯ ಕಂಪನಿ. ಅದರ ಮ್ಯಾನೇಜರ್ ಹಯಗ್ರೀವ, ಬೆಂಗಳೂರಿನವನು, ಮಾಜಿವಾಡಾದ ಟವರಿನಲ್ಲಿ ಮನೆ.

“ಕಂಪ್ಯೂಟರ್‌ಗಳನ್ನೆಲ್ಲ ಎಕ್ಸ್‌ಪಿಯಿಂದ ವಿಂಡೋಸ್ ಸೆವೆನ್‌ಗೆ ಬದಲಾಯಿಸ್ಲಿಕ್ಕುಂಟು,” ಅಂದ ಸುಜನ್. “ಏಪ್ರಿಲ್ ಒಳಗೆ. ಹಯಗ್ರೀವ ಸರ್ ಫೋನ್ ಮಾಡಿ ‘ನೀವು ಸರ್ಟಿಫೈಡ್ ಅಲ್ವಾ’ ಅಂತ ಕೇಳಿದ್ರು. ಹೌದು ಸರ್ ಅಂದೆ.”

“ಯಾವುದರಲ್ಲಿ ಅಂತ ಕೇಳ್ಲಿಲ್ವಾ?” ಅಂದಳು ತಂಗಿ ಪ್ರಣೀತಾ. ಕಾಲೇಜಿನ ಕೊನೆಯ ವರ್ಷದವಳು. ಸಂಜೆ ಸ್ಟೇಷನ್ ಹತ್ತಿರದ ಕಂಪ್ಯೂಟರ್ ಕ್ಲಾಸಿಗೂ ಹೋಗುತ್ತಿದ್ದಳು. ಸೇರಿಸಿದವನು ಸುಜನ್.

“ಕೇಳ್ಲಿಲ್ಲ.”

“ನೀನು ಹೇಳ್ಲಿಲ್ವಾ?”

“ಕೇಳದ್ದನ್ನು ಹೇಳೂದೆಂತ? ಸುಳ್ಳು ಹೇಳ್ಲಿಲ್ಲವಲ್ಲ.”

“ಹಾಗಾದ್ರೆ ನನ್ನದೂ ಕೇಳು. ನಾನು ಕ್ಲಾಸ್ ಬಿಡ್ತೇನೆ. ಅಲ್ಲಿ ಇನ್ನೂ ಎಕ್ಸ್‌ಪಿಯೇ ಕಲಿಸ್ತಾರೆ. ಏಪ್ರಿಲ್‌ಗೆ ಎಕ್ಸ್‌ಪಿ ಖತಂ. ಮಾಡಿದವರೇ ಹೇಳಿದ್ದಾರೆ, ಇನ್ನು ಅದಕ್ಕೆ ಸಪೋರ್ಟ್ ಇಲ್ಲ ಅಂತ. ಫಿರ್ ಕ್ಯಾ ಫಾಯದಾ?”

“ಫೀಸು ಕಟ್ಟಿ ಆಗಿದೆ,” ಅಂದ ಮುಂಡಪ್ಪ.

“ಬೇಸಿಕ್ ಕಲಿತ್ರೆ ಎಲ್ಲ ಒಂದೇ,” ಅಂದ ಸುಜನ್. “ಹೆಸರು ಬದಲಾಗ್ತದೆ, ಬಣ್ಣ ಬದಲಾಗ್ತದೆ. ನಾನು ಇಷ್ಟು ವರ್ಷ ಮಾಡ್ತಿಲ್ವಾ? ಸರ್ಟಿಫಿಕೇಟ್ ಅಂದ್ರೆ ಸರ್ಟಿಫಿಕೇಟ್.”

“ಎಲ್ಲ ಒಂದೇ ಆದ್ರೆ ಹೊಸದರ ಪರೀಕ್ಷೆ ಬರಿ. ಪಾಸಾಗ್ತಿಯಲ್ಲ?”

“ಒಮ್ಮೆ ಬರ್ದಾಗಿದೆ.”

ಜಯಲತಾ ಬಂಗುಡೆ ಸಾರಿನ ಪಾತ್ರೆ ಹಿಡಿದುಕೊಂಡು ಒಳಗಿಂದ ಬಂದಳು. ಅವಳ ಕಿವಿಗೆ ಬಿದ್ದದ್ದು ಎರಡೇ ಶಬ್ದ.

“ಏಪ್ರಿಲ್‌ಗೆ ಯಾವುದು ಎಕ್ಸ್‌ಪಿ?”

“ಅಣ್ಣನ ಸರ್ಟಿಫಿಕೇಟ್, ಅಮ್ಮಾ.”

ಜಯಲತಾ ಗೋಡೆಯ ಕಡೆ ನೋಡಿದಳು. “ನಾನು ಆವತ್ತೇ ಕೇಳಿದ್ದೆ ತಾರೀಕು ಎಲ್ಲಿ ಅಂತ. ಎಲ್ಲ ನಗಾಡಿದ್ರಿ.”

ಈ ಸಲ ಯಾರೂ ನಗಲಿಲ್ಲ. ಸುಜನ್ ಬಟ್ಟಲಲ್ಲಿದ್ದ ಎರಡನೆಯ ಬಂಗುಡೆ ಮುಟ್ಟದೆ ಕೈ ತೊಳೆದ.

ಫೆಬ್ರವರಿಯ ಮೊದಲ ಶನಿವಾರ ಜಯಲತಾ ರಿಕ್ಷಾ ಹಿಡಿದು ಮಾಜಿವಾಡಾಕ್ಕೆ ಹೋದಳು. ಹಯಗ್ರೀವನ ಹೆಂಡತಿ ಶ್ರೀಮತಿ ಅವಳಿಗೆ ಪರಿಚಯವಾದದ್ದು ಕನ್ನಡ ಸಂಘದ ಅರಿಶಿನ ಕುಂಕುಮದಲ್ಲಿ. ಅಂದಿನಿಂದ ಆ ಮನೆಗೆ ಸಾರಿನ ಪುಡಿ ಜಯಲತಾಳದ್ದೇ. ಮೀನು ಮುಟ್ಟದ ಮನೆಯೆಂದು, ತನ್ನ ಮನೆಯಲ್ಲೂ ಮೀನಿಲ್ಲದ ಸೋಮವಾರವೇ ಹುರಿದು, ಬೇರೆ ಬಾಣಲೆ, ಬೇರೆ ಸೌಟು ಬಳಸಿ ಮಾಡಿ ಕೊಡುತ್ತಿದ್ದಳು. ಸುಜನ್‌ಗೆ ಬೇಲಾಪುರದ ಕೆಲಸ ಸಿಕ್ಕಿದ್ದರಲ್ಲಿ ಆ ಸಾರಿನ ಪಾಲೂ ಸ್ವಲ್ಪ ಇತ್ತೆಂದು ಅವಳ ನಂಬಿಕೆ. ಪೂರ್ತಿ ಸುಳ್ಳೂ ಅಲ್ಲ.

ಶ್ರೀಮತಿ ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿದಳು. “ಘಮ್ ಅಂತಿದೆ ಆಂಟಿ. ಎಷ್ಟು ದಿನ ಇರತ್ತೆ ಇದು?”

“ಎಕ್ಸ್‌ಪಿ ಆರು ತಿಂಗಳು. ಫ್ರಿಜ್ಜಲ್ಲಿಟ್ರೆ ಇನ್ನೂ ಬರ್ತದೆ.”

“ಎಕ್ಸ್‌ಪಿನಾ?” ಶ್ರೀಮತಿ ನಕ್ಕಳು. “ನಮ್ಮನೇಲೂ ಬೆಳಗಾದ್ರೆ ಅದೇ ಮಾತು ಕಣ್ರೀ. ಎಕ್ಸ್‌ಪಿ ತೆಗೀಬೇಕು, ಎಕ್ಸ್‌ಪಿ ತೆಗೀಬೇಕು ಅಂತ ಇವರು ಫೋನಲ್ಲಿ ಕೂಗ್ತಾನೇ ಇರ್ತಾರೆ.”

“ತೆಗೀಲೇಬೇಕಲ್ಲ. ನಮ್ಮ ಸುಜನ್‌ನ ಸರ್ಟಿಫಿಕೇಟಿಗೂ ಏಪ್ರಿಲ್‌ಗೆ ಎಕ್ಸ್‌ಪಿ ಅಂತೆ. ಹೊಸದು ಇನ್ನೂ ಮಾಡಿಸ್ಲಿಲ್ಲ.”

ಸೋಫಾದಲ್ಲಿ ಕೂತಿದ್ದ ಹಯಗ್ರೀವ ಪೇಪರು ಕೆಳಗಿಳಿಸಿದ. “ಸುಜನ್ ಹತ್ರ ಸೆವೆನ್‌ದು ಇಲ್ವಾ ಆಂಟಿ?”

“ಇರೂದು ಒಂದೇ. ಗೋಡೆಯಲ್ಲಿ ಉಂಟು. ನಾನೇ ಕುಂಕುಮ ಇಡ್ತೇನೆ.”

ಹಯಗ್ರೀವ ಪೇಪರು ಮಡಚಿ ಬದಿಗಿಟ್ಟ. ಕಾಫಿ ಬಂತು, ಚಕ್ಕುಲಿ ಬಂತು. ಮಗನ ಬಗ್ಗೆ ಸಾಹೇಬರು ಪ್ರೀತಿಯಿಂದ ವಿಚಾರಿಸಿದರೆಂದು ಜಯಲತಾ ಸಂತೋಷದಿಂದಲೇ ಮನೆಗೆ ಬಂದಳು.

ಸೋಮವಾರ ಸಂಜೆ ಸುಜನ್ ಚಪ್ಪಲಿ ಕಳಚದೆ ನೇರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಅಮ್ಮಾ, ಅವರ ಮನೆಯಲ್ಲಿ ಎಂತ ಹೇಳಿದ್ದು ನೀನು?”

“ಯಾರ ಮನೆಯಲ್ಲಿ?”

“ಹಯಗ್ರೀವ ಸರ್ ಮನೆಯಲ್ಲಿ! ನನ್ನ ಸರ್ಟಿಫಿಕೇಟ್ ಎಕ್ಸ್‌ಪಿ ಆಗ್ತದೆ ಅಂತ ಹೇಳಿದ್ಯಲ್ಲ!”

“ಹೌದು. ಆಗೂದಿಲ್ವಾ?”

“ಲೀಡರ್ ಜಾಗದಿಂದ ನನ್ನನ್ನು ತೆಗೆದ್ರು. ಮುರಾರಿ ಅಂತ ಒಬ್ಬನನ್ನು ಹಾಕಿದ್ರು, ನನಗಿಂತ ಎಷ್ಟು ಸಣ್ಣವ ಗೊತ್ತುಂಟಾ? ಮಾರ್ಚ್ ಕೊನೆಯೊಳಗೆ ಸೆವೆನ್‌ದು ಪಾಸಾಗದಿದ್ರೆ ಏಪ್ರಿಲ್‌ನಿಂದ ಕೆಲಸವೇ ಇಲ್ಲ. ಎಕ್ಸ್‌ಪಿ ಮಿಷನ್ನೇ ಇಲ್ಲದ ಮೇಲೆ ಎಕ್ಸ್‌ಪಿಯವ ಯಾಕೆ ಅಂತ ಕೇಳಿದ್ರು, ಎಲ್ಲರ ಎದುರು.”

ಜಯಲತಾ ಒಲೆ ಸಣ್ಣ ಮಾಡಿದಳು. ಮಗನ ಕೆಲಸ ಹೋಗುವ ಮಾತು ಕೇಳಿ ಅವಳಿಗೆ ಹೆದರಿಕೆಯಾಗಿತ್ತು. ಆದರೆ ತಾನು ಮಾಡಿದ್ದು ತಪ್ಪೆಂದು ಅವಳಿಗೆ ಸ್ವಲ್ಪವೂ ಅನಿಸಲಿಲ್ಲ.

“ಅವರು ಕೇಳಿದ್ರು, ನಾನು ಹೇಳಿದೆ. ತಿನ್ನುವವನಿಗೆ ಎಕ್ಸ್‌ಪಿ ಹೇಳದೆ ಕೊಡ್ತಾರಾ?”

“ನಾನೇನು ಸಾರಿನ ಪುಡಿಯಾ?”

“ಅಲ್ಲ. ಪುಡಿಯಾಗಿದ್ರೆ ಡಬ್ಬದ ಮೇಲೆ ನಾನೇ ಬರ್ದು ಕೊಡ್ತಿದ್ದೆ.”

ಅಲ್ಲಿಂದ ತಾಯಿ ಮಗನ ಮಾತು ನಿಂತಿತು. ಹೇಳಬೇಕಾದದ್ದೆಲ್ಲ ಪ್ರಣೀತಾಳ ಮೂಲಕ. ‘ತಿಂಡಿ ಆಯ್ತಂತ ಹೇಳು ಅವನಿಗೆ.’ ‘ನನಗೆ ಬೇಡ ಅಂತ ಹೇಳು.’ ಹೇಳುವವಳಿಗೆ ಎರಡು ದಿನದಲ್ಲಿ ಸಾಕಾಗಿ, “ನಾನು ಪೋಸ್ಟ್‌ಮನ್ನಾ?” ಎಂದು ಕಿರುಚಿ ಕೋಣೆಗೆ ಹೋದಳು. ಸುಜನ್ ರಾತ್ರಿಯೂಟಕ್ಕೆ ಅಪ್ಪನ ಹೋಟೆಲಿಗೆ ಹೋಗತೊಡಗಿದ.

ಒಂದು ದಿನ ಗಲ್ಲಾದ ಪಕ್ಕದ ಮೇಜಿನಲ್ಲಿ ಕೂತು ಅವನು ಇಡ್ಲಿ ಮುರಿಯುತ್ತಿದ್ದಾಗ ಮುಂಡಪ್ಪ ಕೇಳಿದ, “ಓದ್ಲಿಕ್ಕೆ ಶುರು ಮಾಡಿದ್ಯಾ?”

“ಓದೂದೆಂತ ಅಪ್ಪಾ? ದಿನಾ ಕೈಯಲ್ಲಿ ಮಾಡೂದೇ ಅದು. ಹೋಗಿ ಬರ್ದು ಬರ್ತೇನೆ. ಆದ್ರೆ ಇದು ಅವಮಾನ ಅಲ್ವಾ? ಇಷ್ಟು ವರ್ಷ ದುಡಿದವನ ಹತ್ರ ಮತ್ತೆ ಪಾಸಾಗಿ ಬಾ ಅನ್ನೂದು?”

ಮುಂಡಪ್ಪ ತಲೆಯ ಮೇಲೆ ನೇತಾಡುತ್ತಿದ್ದ ಹೋಟೆಲಿನ ಲೈಸೆನ್ಸಿನ ಕಡೆ ಬೆರಳು ತೋರಿಸಿದ. “ಅದನ್ನು ಪ್ರತಿ ಸಲ ರಿನ್ಯೂ ಮಾಡ್ಲಿಕ್ಕುಂಟು. ನಾವು ಮೂವತ್ತು ವರ್ಷದಿಂದ ಇಡ್ಲಿ ಮಾಡ್ತೇವೆ, ನಮಗೆ ಯಾಕೆ ಲೈಸೆನ್ಸ್ ಅಂದ್ರೆ ಇನ್ಸ್‌ಪೆಕ್ಟರ್ ಕೇಳ್ತಾನಾ?”

“ಇಡ್ಲಿ ಬದಲಾಗೂದಿಲ್ಲ ಅಪ್ಪಾ.”

“ಇಡ್ಲಿ ಬದಲಾಗದಿದ್ರೂ ಕೇಳ್ತಾರೆ. ನಿನ್ನದು ಬದಲಾಗಿದೆ ಬೇರೆ.” ಗಿರಾಕಿಯೊಬ್ಬ ಬಿಲ್ಲು ಹಿಡಿದು ಬಂದ. ಮುಂಡಪ್ಪ ಚಿಲ್ಲರೆ ಕೊಟ್ಟು ಮಗನ ಕಡೆ ತಿರುಗಿದ. “ಮತ್ತೆ, ನಾಳೆಯಿಂದ ಇಲ್ಲಿಗೆ ಊಟಕ್ಕೆ ಬರ್ಬೇಡ. ನಿನ್ನ ಅಮ್ಮ ಅನ್ನ ಕಡಿಮೆ ಇಡೂದಿಲ್ಲ. ಉಳಿದದ್ದನ್ನು ಬೆಳಿಗ್ಗೆ ನನಗೆ ಹಾಕ್ತಾಳೆ.”

ಮಾರ್ಚ್ ಎರಡನೆಯ ವಾರ ಸುಜನ್ ರಜೆ ಹಾಕಿ ಪರೀಕ್ಷೆಗೆಂದು ವಾಶಿಗೆ ಹೋದ. ಮಗ ಬರುವಷ್ಟರಲ್ಲಿ ಜಯಲತಾ ಹೆಸರುಬೇಳೆ ಪಾಯಸ ಮಾಡಿದ್ದಳು. ಮಾತಿಲ್ಲದಿದ್ದರೇನು, ಪಾಯಸಕ್ಕೆ ಮಾತು ಬೇಕಾಗಿರಲಿಲ್ಲ. ಪರೀಕ್ಷೆ ಕಂಪ್ಯೂಟರಿನ ಮೇಲೆಯೇ. ಕೊನೆಯ ಉತ್ತರ ಒತ್ತಿದೊಡನೆ ಫಲಿತಾಂಶವೂ ಅಲ್ಲೇ ಬರುತ್ತದೆ. ಹಾಗಾಗಿ ಠಾಣೆಯ ಲೋಕಲ್ ಗಾಡಿಯಲ್ಲಿ ನಿಂತು ಬರುವಷ್ಟು ಹೊತ್ತೂ ಸುಜನ್‌ಗೆ ತಾನು ಫೇಲಾದದ್ದು ಗೊತ್ತಿತ್ತು.

ಮನೆಗೆ ಬಂದು ಬಾಗಿಲಲ್ಲೇ ಹೇಳಿದ. “ಆಗ್ಲಿಲ್ಲ.”

“ಹೇಗೆ ಆಗ್ಲಿಲ್ಲ?” ಅಂದ ಮುಂಡಪ್ಪ. “ಎಲ್ಲ ಒಂದೇ ಅಂದಿದ್ಯಲ್ಲ?”

“ಕೈಗೆ ಗೊತ್ತುಂಟು ಅಪ್ಪಾ. ಆದ್ರೆ ಅವರು ಕೇಳೂದು ಬೇರೆ. ಕೆಲವು ಸಂಗತಿ ಎಕ್ಸ್‌ಪಿಯಲ್ಲಿ ಇರ್ಲೇ ಇಲ್ಲ. ಇದ್ದದ್ದೂ ಇದ್ದ ಜಾಗದಲ್ಲಿ ಇಲ್ಲ.”

ಮೂವತ್ತು ದಾಟಿದ ಗಂಡಸು ಅಪ್ಪ, ಅಮ್ಮ, ತಂಗಿಯ ಎದುರು ಫೇಲೆಂದು ಹೇಳಿ ನಿಂತಿದ್ದ. ಜಯಲತಾ ಒಳಗಿಂದ ಮಗಳಿಗೆ ಹೇಳಿದಳು, “ಪಾಯಸ ನಾಳೆಗೆ ಉಳಿಯೂದಿಲ್ಲ, ಇವತ್ತೇ ತಿನ್ಲಿಕ್ಕೆ ಹೇಳು ಅವನಿಗೆ.”

ಪ್ರಣೀತಾ ಹೇಳಬೇಕಾಗಿ ಬರಲಿಲ್ಲ. ಅವನು ಹೋಗಿ ಕೂತು ತಿಂದ.

ಮಾರನೆಯ ದಿನದಿಂದ ಬೆಳಿಗ್ಗೆ ಎದ್ದು ಓದು ಶುರುವಾಯಿತು. ಮನೆಯಲ್ಲಿ ಮೇಜು ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಒಂದು ಬದಿ ಜಯಲತಾ ಕೊತ್ತಂಬರಿ ಹುರಿಯುವುದು, ಇನ್ನೊಂದು ಬದಿ ಸುಜನ್ ಕೆಮ್ಮುವುದು, ನಡುವೆ ಲ್ಯಾಪ್‌ಟಾಪ್ ಹಿಡಿದು ಪ್ರಣೀತಾ ಪ್ರಶ್ನೆ ಕೇಳುವುದು. ಮುಂಡಪ್ಪನ ಬೆಳಗಿನ ಟೀವಿ ಬಂದ್.

“ಹೊಸ ಪ್ರಿಂಟರ್ ಸೇರಿಸ್ಲಿಕ್ಕೆ ಎಲ್ಲಿಗೆ ಹೋಗ್ಬೇಕು?”

“ಸ್ಟಾರ್ಟ್, ಆಮೇಲೆ ಪ್ರಿಂಟರ್ಸ್ ಆಂಡ್ ಫ್ಯಾಕ್ಸಸ್...”

“ಆ ಹೆಸರೇ ಇಲ್ಲ ಅಣ್ಣಾ ಇದರಲ್ಲಿ. ಡಿವೈಸಸ್ ಆಂಡ್ ಪ್ರಿಂಟರ್ಸ್. ತೂ ಅಭೀ ಭೀ ಪುರಾನೇ ಘರ್ ಮೇ ಘುಸ್ ರಹಾ ಹೈ.”

ಸುಜನ್ ತಲೆ ಕೆರೆದುಕೊಂಡು ಬರೆದುಕೊಂಡ. ಹಳೆಯ ಮನೆಯ ಬಾಗಿಲು ತಟ್ಟುವ ಚಾಳಿ ಬಿಡಿಸಲು ವಾರ ಹಿಡಿಯಿತು.

“ಹಾಗಾದ್ರೆ ನೀನು ಆಗ ಕಲಿತದ್ದೆಲ್ಲ ದಂಡ?” ಎಂದು ಒಂದು ಬೆಳಿಗ್ಗೆ ಪ್ರಣೀತಾ ಕೇಳಿದಳು. ತಮಾಷೆಗಲ್ಲ; ಅವಳಿಗೆ ತನ್ನ ಕ್ಲಾಸಿನ ಚಿಂತೆಯಿತ್ತು.

ಸುಜನ್ ಯೋಚಿಸಿದ. “ಎಲ್ಲಿ ಏನುಂಟು ಅಂತ ಬಾಯಿಪಾಠ ಮಾಡಿದ್ದು ಹೋಯ್ತು. ಆದ್ರೆ ಮೊದಲ ಚಾಪ್ಟರ್ ಒಂದುಂಟು, ಅದು ದಿನಾ ಬೇಕಾಗ್ತದೆ. ಮಿಷನ್ ಮುಟ್ಟುವ ಮೊದಲು ಮನುಷ್ಯನನ್ನು ಕೇಳ್ಬೇಕು. ಏನಾಯ್ತು, ಅದಕ್ಕಿಂತ ಮೊದಲು ನೀವು ಏನು ಮಾಡಿದ್ರಿ ಅಂತ. ಬೊಬ್ಬೆ ಹೊಡೀಬಾರ್ದು, ಅವರದ್ದೇ ತಪ್ಪು ಅನ್ಬಾರ್ದು. ಪೂರ್ತಿ ಕೇಳ್ಬೇಕು.”

“ಅಚ್ಛಾ? ಮತ್ತೆ ಅಮ್ಮನಿಗೆ ಚಪ್ಪಲಿ ಹಾಕಿಕೊಂಡೇ ಬಂದು ಬೊಬ್ಬೆ ಹೊಡೆದದ್ದು ಯಾವ ಚಾಪ್ಟರ್?”

ಜಯಲತಾ ಒಲೆಯ ಕಡೆ ಮುಖ ಮಾಡಿ ಕೊತ್ತಂಬರಿ ತಿರುವುತ್ತಿದ್ದಳು. ಸೌಟು ಒಂದು ಗಳಿಗೆ ನಿಂತು ಮತ್ತೆ ಓಡಿತು. ಸುಜನ್ ಪುಸ್ತಕ ಮುಚ್ಚಿದ. ಕ್ಷಮಿಸು ಎನ್ನುವ ಶಬ್ದ ಆ ಮನೆಯ ಭಾಷೆಯಲ್ಲಿ ಯಾರೂ ಬಳಸಿದ್ದಿಲ್ಲ, ಅವನೂ ಬಳಸಲಿಲ್ಲ. ಸಂಜೆ ಆಫೀಸಿನಿಂದ ಬರುವಾಗ ಹೇಳದೆಯೇ ಬ್ರೆಡ್ ತಂದು ಮೇಜಿನ ಮೇಲಿಟ್ಟು, ಯಾರಿಗೂ ಅಲ್ಲವೆಂಬಂತೆ, “ಎಕ್ಸ್‌ಪಿ ನೋಡಿ ತಂದಿದ್ದೇನೆ,” ಅಂದ. ಅವನು ಆಚೆ ಹೋದ ಮೇಲೆ ಜಯಲತಾ ಪೊಟ್ಟಣ ತಿರುಗಿಸಿ ತಾನೂ ಒಮ್ಮೆ ನೋಡಿದಳು.

ಆ ವಾರವೇ ಅಣ್ಣ ತಂಗಿ ಕ್ಲಾಸಿಗೆ ಹೋಗಿ ಹೊಸದನ್ನು ಯಾವಾಗ ಕಲಿಸುತ್ತೀರಿ ಎಂದು ಕೇಳಿದರು. ಕ್ಲಾಸಿನವನು ಸಿಲೆಬಸ್ ಮೇಲಿಂದ ಬರಬೇಕು ಅಂದ. ಎಷ್ಟು ಮೇಲಿಂದ ಎಂದು ಪ್ರಣೀತಾ ಕೇಳಿದ್ದಕ್ಕೆ ಅವನಿಗೆ ಸಿಟ್ಟು ಬಂತು. ಫೀಸು ವಾಪಸು ಬರಲಿಲ್ಲ. ಡೊಂಬಿವಲಿಯಲ್ಲಿ ಸೆವೆನ್ ಕಲಿಸುವ ಬೇರೆ ಕ್ಲಾಸಿತ್ತು. ಸಂಜೆಯ ಗಾಡಿಯ ನೂಕುನುಗ್ಗಲಿನಲ್ಲಿ ಅವಳು ಅಲ್ಲಿಗೆ ಹೋಗತೊಡಗಿದಳು. “ಅದಕ್ಕಿಂತ ಇಲ್ಲೇ ಕಲಿಯೂದು ಸುಲಭ ಇತ್ತು,” ಎಂದು ಮುಂಡಪ್ಪ ಗೊಣಗಿದ. “ಸುಲಭ ಇತ್ತು, ಆದ್ರೆ ಹಳಸಿತ್ತು,” ಅಂದಳು ಮಗಳು.

ಆಫೀಸಿನಲ್ಲಿ ಮುರಾರಿ ಹೇಳಿದ ಕೆಲಸವನ್ನು ಸುಜನ್ ಮಾಡುತ್ತಿದ್ದ. ಮುರಾರಿ ಕೆಟ್ಟ ಹುಡುಗನಲ್ಲ, ಸರ್ ಸರ್ ಎಂದೇ ಕರೆದು ಕೆಲಸ ಹೇಳುತ್ತಿದ್ದ. ಅದು ಇನ್ನೂ ಕಷ್ಟವಾಗಿತ್ತು.

ಮಾರ್ಚ್ ಕೊನೆಯ ಶನಿವಾರ ಸುಜನ್ ಎರಡನೆಯ ಸಲ ವಾಶಿಗೆ ಹೋದ. ಈ ಬಾರಿ ಜಯಲತಾ ಪಾಯಸ ಮಾಡಲಿಲ್ಲ. ಬೇಳೆ ತೊಳೆದು, ನೆನೆಹಾಕಿ, ಒಲೆಯ ಪಕ್ಕ ಇಟ್ಟುಕೊಂಡು ಕಾದಳು. ಮಧ್ಯಾಹ್ನ ದಾಟಿ ಬಾಗಿಲು ತೆರೆದಾಗ, ಎಷ್ಟೋ ವಾರಗಳ ಮೇಲೆ ಅವಳು ನೇರವಾಗಿ ಮಗನ ಮುಖ ನೋಡಿ ಮಾತಾಡಿದಳು.

“ಆಯ್ತಾ?”

“ಆಯ್ತು ಅಮ್ಮಾ.”

ಅವಳು ಸೆರಗಿಗೆ ಕೈ ಒರೆಸಿಕೊಂಡು ಅವನ ಕೈಯಲ್ಲಿದ್ದ ಕಾಗದ ತೆಗೆದುಕೊಂಡಳು. ಮೇಲಿಂದ ಕೆಳಗೆ ನೋಡಿದಳು. ಹಿಂದಕ್ಕೆ ತಿರುಗಿಸಿದಳು.

“ಇದಕ್ಕೆ ಎಕ್ಸ್‌ಪಿ ಯಾವಾಗ?”

ಮುಂಡಪ್ಪ ನಗಲು ಬಾಯಿ ತೆರೆದವನು ಮಗನ ಮುಖ ನೋಡಿ ಮುಚ್ಚಿಕೊಂಡ. ಸುಜನ್ ನಗುತ್ತಿರಲಿಲ್ಲ.

“ಇಪ್ಪತ್ತನೇ ಇಸವಿ ಜನವರಿ. ವಿಂಡೋಸ್ ಸೆವೆನ್‌ಗೆ ಅಲ್ಲಿವರೆಗೆ ಸಪೋರ್ಟ್ ಉಂಟು. ಮತ್ತೆ ಇದೂ ಹಳತು ಆಗ್ತದೆ.”

“ಈಗಲೇ ಹೇಳಿದ್ಯಲ್ಲ, ಸಾಕು.” ಅವಳು ಕಾಗದವನ್ನು ಮಡಚದೆ ಕಪಾಟಿನ ಔಷಧಿ ಡಬ್ಬದ ಕೆಳಗಿಟ್ಟಳು.

“ಫ್ರೇಮು ಹಾಕಿಸ್ಲಿಕ್ಕಿಲ್ವಾ?” ಅಂದ ಮುಂಡಪ್ಪ.

“ಬೇಡ. ಗೋಡೆಗೆ ಹಾಕಿದ್ದನ್ನು ಯಾರೂ ತಿರುಗಿಸಿ ನೋಡೂದಿಲ್ಲ.” ಅವಳು ಪಾಯಸಕ್ಕೆ ಒಲೆ ಹಚ್ಚಿದಳು.

ಸುಜನ್ ಹಾಲ್‌ಗೆ ಬಂದು ಹಯಗ್ರೀವನಿಗೆ ಫೋನು ಮಾಡಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದವಳು ಪ್ರಣೀತಾ.

“ಗುಡ್,” ಅಂದ ಹಯಗ್ರೀವ. “ಏಪ್ರಿಲ್ ಲಿಸ್ಟಲ್ಲಿ ನಿಮ್ಮ ಹೆಸರು ಇರತ್ತೆ. ಆದ್ರೆ ಲೀಡರ್ ಮುರಾರಿನೇ. ಅದು ಬದಲಾಗಲ್ಲ.”

“ಆಗ್ಲಿ ಸರ್.”

“ಮುಂದೆ ಐರೋಲಿ ಆಫೀಸಿನ ಕೆಲಸ ಬರತ್ತೆ. ಅದಕ್ಕೆ ಹೆಸರು ಕೊಡ್ತಿದ್ದೀನಿ. ಏನಂತ ಬರ್ಕೊಳ್ಲಿ? ಸರ್ಟಿಫೈಡ್, ಅಲ್ವಾ?”

ಜನವರಿಯಲ್ಲಿ ಕೇಳಿದ್ದೂ ಇದೇ ಪ್ರಶ್ನೆ. ಸುಜನ್ ಗೋಡೆಯ ಫ್ರೇಮು ನೋಡಿದ, ಗಾಜಿನ ಮೇಲೆ ಒಣಗಿದ ಕುಂಕುಮ ನೋಡಿದ.

“ಸೆವೆನ್‌ದು ಮಾತ್ರ ಸರ್. ವಿಂಡೋಸ್ ಎಯ್ಟ್ ನನಗೆ ಗೊತ್ತಿಲ್ಲ, ಕಲೀಬೇಕು. ಇದರ ಎಕ್ಸ್‌ಪಿ ಇಪ್ಪತ್ತನೇ ಇಸವಿ.”

“ಏನು, ಎಕ್ಸ್‌ಪಿನಾ? ಸೆವೆನ್ ಅಂದ್ರಲ್ಲ ಈಗ?”

ಸುಜನ್ ತಡವರಿಸಿದ. ಅಡುಗೆಮನೆಯಿಂದ ಬೆಲ್ಲ ಕುಟ್ಟುವ ಸದ್ದು ನಿಂತು, ಜಯಲತಾಳ ದನಿ ಬಂತು.

“ಅವರಿಗೆ ಗೊತ್ತಾಗ್ಲಿಲ್ಲ ಕಾಣ್ತದೆ. ನೀನೇ ಬಿಡಿಸಿ ಹೇಳು ಮಗಾ. ಮತ್ತೆ ನಾನು ಹೇಳಿದೆ ಅಂತ ಆಗೂದು ಬೇಡ.”

ಸುಜನ್ ಬಿಡಿಸಿ ಹೇಳಿದ.